ಬೂದು ಬಣ್ಣದ ಮೆಟ್ಟಿಲುಗಳು

ನಿಮ್ಮ ಮನೆಯಲ್ಲಿ ಹಳೆಯ ಕಪ್ಪು ಬಿಳುಪು ಭಾವಚಿತ್ರ ಇದೆಯೇ? ಹತ್ತಿರ ಹೋಗಿ ನೋಡಿರಿ. ಅದರಲ್ಲಿ ಅಚ್ಚ ಕಪ್ಪು ಎಲ್ಲಿದೆ? ಅಚ್ಚ ಬಿಳುಪು ಎಲ್ಲಿದೆ? ಉಳಿದ ಭಾಗಕ್ಕೆಲ್ಲ ಯಾವ ಬಣ್ಣವೆಂದು ಹೇಳುವಿರಿ? ಗೆಳೆಯರೊಡನೆ ಚರ್ಚಿಸಿದ ಬಳಿಕ ಈ ಪಾಠವನ್ನು ಓದಿರಿ.

ನಮ್ಮ ಶಾಲೆಗೆ ನೂರು ವರ್ಷ ತುಂಬುವ ಸಂಭ್ರಮ. ಹಳೆಯ ಪಟಗಳು ಯಾರ ಮನೆಯಲ್ಲಾದರೂ ಇದ್ದರೆ ತಂದುಕೊಡಿ ಎಂದು ಟೀಚರ್ ಹೇಳಿದ್ದರು. ನಾನು ಮನೆಗೆ ಬಂದು ಅಜ್ಜಿಗೆ ತಿಳಿಸಿದೆ. ಅಜ್ಜಿಯೂ ಅದೇ ಶಾಲೆಯಲ್ಲಿ ಕಲಿತವರು. ಅವರು ಏನೂ ಮಾತಾಡದೆ ಒಳಗೆ ಹೋದರು. ಮರದ ಪೆಟ್ಟಿಗೆಯ ತಳದಿಂದ ಒಂದು ಬಟ್ಟೆಯ ಗಂಟನ್ನು ತಂದರು. ಗಂಟಿನೊಳಗೆ ಹಳೆಯ ಪಂಚಾಂಗ, ಪಂಚಾಂಗದ ನಡುವೆ ಒಂದು ಪಟ.

"ಇದು 1957ರದ್ದು. ನಾನು ಐದನೆಯ ತರಗತಿ" ಎಂದರು ಅಜ್ಜಿ. "ನಮ್ಮ ಕಾಸರಗೋಡು ಕೇರಳಕ್ಕೆ ಸೇರಿ ಒಂದು ವರ್ಷ ಆಗಿತ್ತಷ್ಟೆ. ಮಂಗಳೂರಿನಿಂದ ಪಟ ತೆಗೆಯುವವರು ಬಂದಿದ್ದರು. ಮೂರು ಕಾಲಿನ ದೊಡ್ಡ ಪೆಟ್ಟಿಗೆ. ಅವರು ಕಪ್ಪು ಬಟ್ಟೆಯೊಳಗೆ ತಲೆ ಹಾಕಿದಾಗ ನಮಗೆಲ್ಲ ನಗು. ನಗಬಾರದು ಎಂದು ಮಾಸ್ತರರು ಗದರಿಸಿದ್ದರು."

ನಾನು ಪಟವನ್ನು ನೋಡಿದೆ. ಮುಳಿಹುಲ್ಲಿನ ಮಾಡಿನ ಶಾಲೆ. ಮುಂದೆ ಮೂರು ಸಾಲಿನಲ್ಲಿ ಮಕ್ಕಳು. ನಡುವೆ ಕೋಟು ತೊಟ್ಟ ಮಾಸ್ತರರು. ಆದರೆ ಪಟ ಹಳದಿಗಟ್ಟಿತ್ತು. ಒಂದು ಮೂಲೆಗೆ ಬೂಷ್ಟು ಹಿಡಿದಿತ್ತು. ನಮ್ಮ ಊರಿನ ಮಳೆಗಾಲ ನಿಮಗೆ ಗೊತ್ತೇ ಇದೆ. ಜೂನ್ ತಿಂಗಳಲ್ಲಿ ಸುರಿಯಲು ತೊಡಗಿದರೆ ಗೋಡೆಗಳೂ ಬೆವರುತ್ತವೆ. ಪಟ ಇಷ್ಟಾದರೂ ಉಳಿದದ್ದೇ ದೊಡ್ಡದು.

"ಇವಳು ನಾನು" ಎಂದು ಅಜ್ಜಿ ಎರಡನೆಯ ಸಾಲಿನ ಪುಟ್ಟ ಹುಡುಗಿಯನ್ನು ತೋರಿಸಿದರು. ಆಮೇಲೆ ಅವರ ಬೆರಳು ಮೆಲ್ಲನೆ ಹಿಂದಕ್ಕೆ ಹೋಯಿತು. ಶಾಲೆಯ ತೆರೆದ ಬಾಗಿಲಿನ ಬಳಿ ನಿಂತಿತು. "ಇಲ್ಲಿ ಅಕ್ಕ ಇದ್ದಾಳೆ" ಎಂದರು.

ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಅಲ್ಲಿ ಕತ್ತಲೆ ಮಾತ್ರ ಇತ್ತು.

"ಕಾಣುವುದಿಲ್ಲವಲ್ಲ ಅಜ್ಜಿ?"

"ಸೂರ್ಯನ ಬೆಳಕಿಗೆ ಓರೆ ಮಾಡಿ ಹಿಡಿದರೆ ನನಗೆ ಕಾಣುತ್ತದೆ. ಅವಳನ್ನು ನಾಲ್ಕನೆಯ ತರಗತಿಗೇ ಶಾಲೆ ಬಿಡಿಸಿದ್ದರು. ಮನೆಯಲ್ಲಿ ಚಿಕ್ಕ ಮಗು, ನೋಡಿಕೊಳ್ಳುವವರು ಬೇಕಲ್ಲ? ಆ ದಿನ ನನಗೆ ಬುತ್ತಿ ತಂದಿದ್ದಳು. ಸಾಲಿನಲ್ಲಿ ಶಾಲೆಯ ಮಕ್ಕಳು ಮಾತ್ರ ನಿಲ್ಲಬೇಕು ಎಂದರು. ಅವಳು ಬಾಗಿಲ ಒಳಗೆ ಸರಿದು ನಿಂತಳು."

ದೊಡ್ಡಜ್ಜಿಯ ವಿಷಯ ನನಗೆ ಸ್ವಲ್ಪ ಗೊತ್ತಿತ್ತು. ಮದುವೆಯಾದ ಎರಡನೆಯ ವರ್ಷವೇ ಜ್ವರ ಬಂದು ತೀರಿಹೋದರಂತೆ. ಅವರ ಬೇರೆ ಪಟ ನಮ್ಮಲ್ಲಿ ಇಲ್ಲ.

ಅಣ್ಣ ಆ ಪಟವನ್ನು ಮೊಬೈಲಿನಲ್ಲಿ ತೆಗೆದ. ಹಳೆಯ ಪಟವನ್ನು ಹೊಸದು ಮಾಡುವ ಒಂದು ಆಪಿಗೆ ಹಾಕಿದ. ಅರೆಗಳಿಗೆಯಲ್ಲಿ ಬಾಗಿಲಿನಲ್ಲಿ ಒಂದು ಮುಖ ಮೂಡಿತು! ಹೊಳೆಯುವ ಕಣ್ಣು, ನುಣುಪಾದ ಕೆನ್ನೆ. ಅಜ್ಜಿ ಕನ್ನಡಕ ಹಾಕಿಕೊಂಡು ನೋಡಿದರು. ಬಹಳ ಹೊತ್ತು ನೋಡಿದರು.

"ಇದು ಯಾರು?" ಎಂದು ಕೇಳಿದರು.

ಅಣ್ಣ ಮೊಬೈಲನ್ನು ಕಿಸೆಗೆ ಹಾಕಿಕೊಂಡ. ಅಂಥ ಆಪು ಸಾವಿರಾರು ಮುಖಗಳನ್ನು ನೋಡಿ ಕಲಿತಿರುತ್ತದೆ. ಪಟದಲ್ಲಿ ಮುಖ ಸರಿಯಾಗಿ ಕಾಣದಿದ್ದರೆ ತಾನೇ ಒಂದು ಮುಖವನ್ನು ಊಹಿಸಿ ಬರೆದುಬಿಡುತ್ತದೆ. ಮುಖ ಚೆನ್ನಾಗಿಯೇ ಇರುತ್ತದೆ, ಆದರೆ ನಮ್ಮವರದಾಗಿರುವುದಿಲ್ಲ.

ಮರುದಿನ ಶನಿವಾರ. ಅಜ್ಜಿ, ಅಣ್ಣ ಮತ್ತು ನಾನು ಬದಿಯಡ್ಕದಲ್ಲಿ ಬಸ್ಸು ಹತ್ತಿ ಕಾಸರಗೋಡಿಗೆ ಹೋದೆವು. ಪೇಟೆಯ ಒಂದು ಸ್ಟುಡಿಯೋದಲ್ಲಿ ಪಟವನ್ನು ಕೊಟ್ಟೆವು. ಅಲ್ಲಿದ್ದ ಹುಡುಗ ಅದನ್ನು ಗಾಜಿನ ಮೇಲೆ ಮಗುಚಿ ಹಾಕಿ ಸ್ಕ್ಯಾನ್ ಮಾಡಿದ. ಗುಂಡಿ ಒತ್ತಿದ. ಮುದ್ರಣ ಯಂತ್ರ ಕಿರ್ರ್, ಕಿರ್ರ್ ಎಂದು ಸದ್ದು ಮಾಡುತ್ತ ಕಾಗದವನ್ನು ಹೊರಹಾಕಿತು.

ಹೊಸ ಪಟ ದೊಡ್ಡದಾಗಿತ್ತು, ಆದರೆ ಹಸಿರಾಗಿತ್ತು! ಎಲೆಯ ಹಾಗೆ ಹಸಿರಲ್ಲ, ಮಳೆಗಾಲದಲ್ಲಿ ಪಾಗಾರದ ಮೇಲೆ ಪಾಚಿ ಕಟ್ಟುತ್ತದಲ್ಲ, ಅದರ ನೆರಳಿನ ಹಾಗೆ. ಮಾಸ್ತರರ ಕೋಟು ಒಂದೇ ಕಪ್ಪು ಮುದ್ದೆಯಾಗಿತ್ತು. ಬಾಗಿಲೂ ಅಷ್ಟೆ.

"ಎಂತ ಇದು, ಮಾಸ್ತರರಿಗೂ ಬೂಷ್ಟು ಹಿಡಿಯಿತಾ?" ಎಂದರು ಅಜ್ಜಿ.

ಅಷ್ಟು ಹೊತ್ತಿಗೆ ಒಳಗಿನಿಂದ ಸ್ಟುಡಿಯೋದ ಯಜಮಾನರು ಬಂದರು. ನಾವು ಅವರನ್ನು ಸ್ಟುಡಿಯೋ ಮಾವ ಎಂದು ಕರೆಯೋಣ. ಅವರು ಪಟವನ್ನು ನೋಡಿದರು. ಕಂಪ್ಯೂಟರಿನ ಪರದೆಯನ್ನು ನೋಡಿದರು. ಹುಡುಗನ ಹತ್ತಿರ "ಯಂತ್ರದಲ್ಲಿ ಇರುವ ಕಾಗದ ಒಂದು, ನೀನು ಯಂತ್ರಕ್ಕೆ ಹೇಳಿದ ಕಾಗದ ಇನ್ನೊಂದು" ಎಂದರು. ನಮ್ಮ ಕಡೆಗೆ ತಿರುಗಿ, "ತಪ್ಪು ನಮ್ಮದು. ಒಂದು ಗಂಟೆ ಸಮಯ ಇದೆಯೇ?" ಎಂದು ಕೇಳಿದರು.

ನಾನು ಕೇಳಿದೆ: "ಮಾವ, ಪಟದಲ್ಲಿ ಇರುವುದು ಕಪ್ಪು ಮತ್ತು ಬಿಳುಪು. ಹಸಿರು ಎಲ್ಲಿಂದ ಬಂತು?"

ಅವರು ನಕ್ಕು ನನ್ನ ಕೈಗೆ ಒಂದು ಭೂತಗನ್ನಡಿ ಕೊಟ್ಟರು. "ನಿನ್ನ ಅಜ್ಜಿಯ ಕೆನ್ನೆಯನ್ನು ನೋಡು."

ನೋಡಿದೆ. ನನಗೆ ನಂಬಲು ಆಗಲಿಲ್ಲ. ಅಜ್ಜಿಯ ಕೆನ್ನೆಯ ತುಂಬ ಚುಕ್ಕಿಗಳು! ಕೆಲವು ಮಿಂಚುಳ್ಳಿಯ ರೆಕ್ಕೆಯ ಹಾಗೆ ಹಸಿರುನೀಲಿ. ಕೆಲವು ಬಸಳೆ ಹಣ್ಣಿನ ರಸದ ಹಾಗೆ ನೇರಳೆಗೆಂಪು. ಕೆಲವು ಹಳದಿ. ಅಲ್ಲೊಂದು ಇಲ್ಲೊಂದು ಕಪ್ಪು.

"ಹಸಿರುನೀಲಿಗೆ ಸಯಾನ್ ಎಂದು ಹೆಸರು. ನೇರಳೆಗೆಂಪಿಗೆ ಮೆಜೆಂಟಾ. ಇವೆರಡು ಮತ್ತು ಹಳದಿ ಸರಿಯಾದ ಪ್ರಮಾಣದಲ್ಲಿ ಕೂಡಿದರೆ ನಮ್ಮ ಕಣ್ಣಿಗೆ ಬೂದು ಬಣ್ಣ ಕಾಣುತ್ತದೆ. ಈ ಹುಡುಗ ಪಟವನ್ನು ಬಣ್ಣದ ಪಟದ ಹಾಗೆ ಮುದ್ರಿಸಿದ್ದಾನೆ. ಯಂತ್ರ ಬಣ್ಣದ ಶಾಯಿಗಳನ್ನು ಕೂಡಿಸಿ ಬೂದು ಮಾಡಲು ಹೊರಟಿತು. ಕಾಗದದ ಲೆಕ್ಕ ತಪ್ಪಿದ್ದರಿಂದ ಪ್ರಮಾಣವೂ ತಪ್ಪಿತು. ಮೆಜೆಂಟಾ ಸ್ವಲ್ಪ ಕಡಿಮೆ ಆದರೂ ಸಾಕು, ಬೂದು ಹೋಗಿ ಹಸಿರು ಇಣುಕುತ್ತದೆ."

"ಸ್ವಲ್ಪ ಎಂದರೆ ಎಷ್ಟು?"

"ಅದನ್ನು ಚಮಚದಲ್ಲಿ ಅಳೆಯಲು ಆಗದು. ಒಂದು ಲೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲಿಗೆ ಪಿಕೋಲೀಟರ್ ಎನ್ನುತ್ತಾರೆ. ಈ ಯಂತ್ರದ ಒಂದು ಹನಿ ಅಂಥ ಕೆಲವೇ ಪಿಕೋಲೀಟರ್."

ಅಷ್ಟು ಸಣ್ಣ ಹನಿಯನ್ನು ಚಿಮ್ಮಿಸುವುದು ಹೇಗೆ? ಇದಕ್ಕೊಂದು ಸ್ವಾರಸ್ಯದ ಕತೆಯಿದೆ. 1977ರಲ್ಲಿ ಜಪಾನಿನ ಕ್ಯಾನನ್ ಕಂಪನಿಯ ಪ್ರಯೋಗಾಲಯದಲ್ಲಿ ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ಬೆಸುಗೆ ಹಾಕುವ ಬಿಸಿ ಕಡ್ಡಿ ಅಕಸ್ಮಾತ್ತಾಗಿ ತಗಲಿತು. ಕೂಡಲೇ ಸೂಜಿಯ ತುದಿಯಿಂದ ಶಾಯಿ ಚಿಮ್ಮಿತು. ಬಿಸಿಗೆ ಗುಳ್ಳೆ ಎದ್ದು ಶಾಯಿಯನ್ನು ಹೊರಕ್ಕೆ ತಳ್ಳಿತ್ತು. ಇದನ್ನೇ ಹಿಡಿದು ಅವರು ಒಂದು ಬಗೆಯ ಮುದ್ರಣ ಯಂತ್ರವನ್ನು ಮಾಡಿದರು. ಇನ್ನೊಂದು ಬಗೆಯಲ್ಲಿ ಬಿಸಿ ಇಲ್ಲ. ವಿದ್ಯುತ್ ಹರಿದಾಗ ಬಾಗುವ ಪುಟ್ಟ ಹರಳು ಶಾಯಿಯನ್ನು ಒತ್ತಿ ಹೊರದೂಡುತ್ತದೆ. ಎರಡು ಬಗೆಯಲ್ಲೂ ಶಾಯಿ ಹನಿಹನಿಯಾಗಿ ಕಾಗದಕ್ಕೆ ಬೀಳುತ್ತದೆ. ಆದ್ದರಿಂದ ಇವಕ್ಕೆ ಇಂಕ್‌ಜೆಟ್ ಎಂದು ಹೆಸರು.

"ಹಾಗಾದರೆ ಬಣ್ಣದ ಶಾಯಿಯೇ ಬೇಡ, ಕಪ್ಪು ಒಂದರಲ್ಲೇ ಮುದ್ರಿಸಿ" ಎಂದ ಅಣ್ಣ.

"ಮುದ್ರಿಸಬಹುದು. ಹತ್ತಿರ ಹತ್ತಿರ ಚುಕ್ಕಿ ಇಟ್ಟರೆ ಗಾಢ ಬೂದು. ದೂರ ದೂರ ಇಟ್ಟರೆ ತಿಳಿ ಬೂದು. ಆದರೆ ಕೆನ್ನೆ, ಹಣೆ, ಆಕಾಶ ಇಂಥ ತಿಳಿ ಜಾಗಗಳಲ್ಲಿ ಕಪ್ಪು ಚುಕ್ಕಿಗಳು ಎದ್ದು ಕಾಣುತ್ತವೆ. ಅಕ್ಕಿ ಹಿಟ್ಟಿನ ಮೇಲೆ ಎಳ್ಳು ಚೆಲ್ಲಿದ ಹಾಗೆ. ಅದಕ್ಕೆಂದೇ ಕೆಲವು ಯಂತ್ರಗಳಲ್ಲಿ ಕಪ್ಪಿನ ಜೊತೆಗೆ ಬೂದು ಶಾಯಿಯ ಡಬ್ಬಿಗಳನ್ನೂ ಇಡುತ್ತಾರೆ. 2005ರಲ್ಲಿ ಎಪ್ಸನ್ ಕಂಪನಿ ಕಪ್ಪು, ಬೂದು, ತಿಳಿ ಬೂದು ಎಂದು ಮೂರು ಮೆಟ್ಟಿಲಿನ ಶಾಯಿ ಇರುವ ಯಂತ್ರಗಳನ್ನು ತಂದಿತು. ಬೇರೆ ಕಂಪನಿಗಳೂ ಅಂಥವನ್ನು ಮಾಡಿವೆ. ನಮ್ಮಲ್ಲಿ ಇರುವುದೂ ಆ ಜಾತಿಯದೇ" ಎಂದು ಮಾವ ಯಂತ್ರದ ಮುಚ್ಚಳ ತೆರೆದು ತೋರಿಸಿದರು. ಒಳಗೆ ಎಂಟು ಡಬ್ಬಿಗಳು ಸಾಲಾಗಿ ಕುಳಿತಿದ್ದವು.

ಮಾವ ಈ ಸಲ ಸರಿಯಾದ ಕಾಗದದ ಹೆಸರನ್ನು ಆರಿಸಿದರು. ಕಪ್ಪು ಬಿಳುಪು ಎಂಬ ಆಯ್ಕೆಯನ್ನು ಒತ್ತಿದರು. ಇಡೀ ಪಟವನ್ನು ಮುದ್ರಿಸಲಿಲ್ಲ. ಅಜ್ಜಿಯ ಮುಖ, ಬಾಗಿಲು ಮತ್ತು ಮಾಸ್ತರರ ಕೋಟು ಬರುವಂತೆ ಅಂಗೈ ಅಗಲದ ತುಂಡನ್ನು ಮಾತ್ರ ಮುದ್ರಿಸಿದರು. "ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕಲ್ಲ?" ಎಂದರು.

ಹಸಿರು ಹೋಗಿತ್ತು. ಆದರೆ ತುಂಡು ತುಸು ಕಂದಾಗಿ ಕಾಣುತ್ತಿತ್ತು.

"ಬೂದು ಶಾಯಿಗೇ ಕಂದು ಬಣ್ಣ ಇದೆಯೇ?" ಎಂದು ಕೇಳಿದೆ.

"ಒಳ್ಳೆಯ ಪ್ರಶ್ನೆ. ಈ ಕಪ್ಪು ಶಾಯಿಯಲ್ಲಿ ಇರುವುದು ಇಂಗಾಲದ ಪುಡಿ. ದೀಪದ ಕುಡಿಯ ಮೇಲೆ ತಟ್ಟೆ ಹಿಡಿದು ಕಾಡಿಗೆ ಮಾಡುತ್ತಾರಲ್ಲ, ಆ ಮಸಿಯ ಜಾತಿ. ದಪ್ಪವಾಗಿ ಬಳಿದರೆ ಕಪ್ಪು. ತೆಳುವಾಗಿ ತೀಡಿದರೆ ಕಂದಿನ ಕಡೆಗೆ ತಿರುಗುತ್ತದೆ. ಇದಕ್ಕೆ ಒಂದಿಷ್ಟು ನೀಲಿ ಸೇರಿಸಬೇಕು."

ಅಜ್ಜಿ ತಟ್ಟನೆ, "ಪಂಚೆಗೆ ನೀಲ ಹಾಕಿದ ಹಾಗೆ!" ಎಂದರು.

ಮಾವ ಕೈ ತಟ್ಟಿದರು. "ಅದೇ ಅಮ್ಮ, ಅದೇ. ಬಿಳಿ ಪಂಚೆ ಒಗೆದು ಒಗೆದು ಹಳದಿಯಾಗುತ್ತದೆ. ನೀಲದ ನೀರಿನಲ್ಲಿ ಅದ್ದಿದರೆ ಹಳದಿ ಮರೆಯಾಗಿ ಬೆಳ್ಳಗೆ ಕಾಣುತ್ತದೆ. ನೀಲ ಹೆಚ್ಚಾದರೆ?"

"ಪಂಚೆಯೇ ನೀಲಿಯಾಗುತ್ತದೆ. ನಮ್ಮ ಅಮ್ಮ ಬೈಯುತ್ತಿದ್ದರು."

ಪ್ರತಿಯೊಂದು ಬಣ್ಣದ ಛಾಯೆಗೂ ಎದುರು ಛಾಯೆ ಒಂದಿದೆ ಎಂದು ಮಾವ ವಿವರಿಸಿದರು. ಹಳದಿಗೆ ನೀಲಿ ಎದುರು. ಹಸಿರಿಗೆ ಮೆಜೆಂಟಾ ಎದುರು. ಕೆಂಪಿಗೆ ಸಯಾನ್ ಎದುರು. ಪಟದಲ್ಲಿ ಯಾವುದು ಹೆಚ್ಚಾಗಿದೆಯೋ ಅದರ ಎದುರಿನದನ್ನು ಚಿಟಿಕೆಯಷ್ಟು ಸೇರಿಸಬೇಕು. ಪರದೆಯ ಮೇಲೆ ಒಂದು ಬಣ್ಣದ ಚಕ್ರ ಇತ್ತು. ಅದರ ನಡುವೆ ಒಂದು ಚುಕ್ಕಿ. ಚುಕ್ಕಿ ನಟ್ಟನಡುವೆ ಇದ್ದರೆ ಬೇರೆ ಛಾಯೆ ಸೇರುವುದಿಲ್ಲ. ಮಾವ ಅದನ್ನು ನೀಲಿಯ ಕಡೆಗೆ ಕೂದಲೆಳೆಯಷ್ಟು ಸರಿಸಿದರು. ಇನ್ನೊಂದು ತುಂಡು ಬಂತು. ಮತ್ತೆ ಸರಿಸಿದರು. ಮತ್ತೊಂದು ಬಂತು.

ನನಗೆ ಮೂರು ತುಂಡುಗಳೂ ಒಂದೇ ಹಾಗೆ ಕಂಡವು. ಮೂರನ್ನೂ ಅಕ್ಕಪಕ್ಕ ಇಟ್ಟಾಗ ಮಾತ್ರ ವ್ಯತ್ಯಾಸ ತಿಳಿಯಿತು. ಒಂದು ಕಂದು, ಒಂದು ಬೂದು, ಒಂದು ನೀಲಿಯ ಕಡೆಗೆ. ಬಣ್ಣವನ್ನು ಒಂಟಿಯಾಗಿ ನೋಡಿದರೆ ಕಣ್ಣು ಮೋಸಹೋಗುತ್ತದೆ.

"ಈಗಲೇ ತೀರ್ಮಾನ ಬೇಡ. ಶಾಯಿ ಒಣಗಲಿ. ಒಣಗಿದ ಮೇಲೆ ಛಾಯೆ ಸ್ವಲ್ಪ ಬದಲಾಗುವುದುಂಟು" ಎಂದು ಮಾವ ತುಂಡುಗಳನ್ನು ಬದಿಗಿಟ್ಟರು. ಸ್ವಲ್ಪ ಹೊತ್ತಿನ ಬಳಿಕ ಅವುಗಳನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ತೋರಿಸಿದರು. ಆಮೇಲೆ ಕಿಟಕಿಯ ಬಳಿಗೆ ಕರೆದುಕೊಂಡು ಹೋದರು. ಏನಾಶ್ಚರ್ಯ! ಒಳಗೆ ಬೂದಾಗಿ ಕಂಡ ತುಂಡು ಹಗಲಿನ ಬೆಳಕಿನಲ್ಲಿ ಅಷ್ಟು ಬೂದಾಗಿ ಕಾಣಲಿಲ್ಲ. ಜವಳಿ ಅಂಗಡಿಯಲ್ಲಿ ಅಮ್ಮ ಸೀರೆಯನ್ನು ಬಾಗಿಲಿಗೆ ತಂದು ಏಕೆ ನೋಡುತ್ತಾರೆ ಎಂದು ನನಗೆ ಆಗ ಅರ್ಥವಾಯಿತು.

"ಪಟವನ್ನು ಎಲ್ಲಿ ತೂಗುಹಾಕುತ್ತೀರಿ?" ಎಂದು ಮಾವ ಕೇಳಿದರು.

"ಶಾಲೆಯ ಜಗಲಿಯಲ್ಲಿ."

"ಹಾಗಾದರೆ ಕಿಟಕಿಯ ಬೆಳಕನ್ನೇ ನಂಬೋಣ. ಆದರೆ ಬಿಸಿಲು ನೇರವಾಗಿ ಬೀಳುವ ಗೋಡೆ ಬೇಡ. ಗಾಜು ಹಾಕಿಸಿ."

ಇನ್ನೊಂದು ವಿಷಯ ಉಳಿದಿತ್ತು. "ಹಳೆಯ ಪಟ ಅಲ್ಲವೇ, ಸೆಪಿಯಾ ಛಾಯೆ ಕೊಡಲೇ? ತುಂಬ ಜನರಿಗೆ ಅದು ಇಷ್ಟ" ಎಂದು ಮಾವ ಒಂದು ಮಾದರಿ ತೋರಿಸಿದರು. ಚಹದ ಬಣ್ಣದ ಪಟ. ಸೆಪಿಯಾ ಎಂಬುದು ನಮ್ಮ ಕಡಲಿನ ಬೊಂಡಾಸದ ಬಳಗಕ್ಕೆ ಸೇರಿದ ಒಂದು ಜೀವಿಯ ಗ್ರೀಕ್ ಹೆಸರು. ಹೆದರಿದಾಗ ಅದು ನೀರಿಗೆ ಕಂದು ಶಾಯಿ ಉಗುಳಿ ತಪ್ಪಿಸಿಕೊಳ್ಳುತ್ತದೆ. ಹಿಂದೆ ಆ ಶಾಯಿಯಿಂದ ಚಿತ್ರ ಬರೆಯುತ್ತಿದ್ದರು. ಕಪ್ಪು ಬಿಳುಪು ಪಟದಲ್ಲಿ ಕಪ್ಪಾಗಿ ಕಾಣುವುದು ಬೆಳ್ಳಿಯ ಸಣ್ಣ ಕಣಗಳು. ಪಟವನ್ನು ಗಂಧಕ ಸೇರಿದ ದ್ರಾವಣದಲ್ಲಿ ಅದ್ದಿದರೆ ಬೆಳ್ಳಿ ಬೇರೆ ವಸ್ತುವಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಅಂಥ ಪಟ ಹೆಚ್ಚು ಕಾಲ ಬಾಳುತ್ತದೆ. ಹೀಗಾಗಿ ಕಂದು ಎಂದರೆ ಹಳೆಯದು ಎಂಬ ಭಾವನೆ ನಮ್ಮಲ್ಲಿ ಬೆಳೆದಿದೆ.

ಅಜ್ಜಿ ತಲೆಯಾಡಿಸಿದರು. "ಈ ಪಟ ಬಂದ ದಿನ ಹೀಗೆ ಹಳದಿ ಇರಲಿಲ್ಲ. ಹೊಸ ಸ್ಲೇಟಿನ ಹಾಗೆ ಕಪ್ಪಾಗಿತ್ತು. ನಮ್ಮ ಅಂಗಿಗಳು ಬೆಳ್ಳಗಿದ್ದವು. ಹಿಂದಿನ ದಿನವೇ ಒಗೆದು ನೀಲ ಹಾಕಿ ಒಣಗಿಸಿದ್ದೆವು. ನಾವು ಆಗ ಹಳಬರಲ್ಲ ಮಗಾ, ಮಕ್ಕಳು."

ಮಾವ ಸೆಪಿಯಾದ ಮಾದರಿಯನ್ನು ಮೇಜಿನ ಖಾನೆಯೊಳಗೆ ಇಟ್ಟರು. ನಡುವಿನ ಬೂದು ತುಂಡನ್ನು ಆರಿಸಿದರು.

ಛಾಯೆ ಸರಿಯಾಯಿತು. ಆದರೆ ಬಾಗಿಲು? ಅದು ಇನ್ನೂ ಕತ್ತಲೆಯೇ. ಅಜ್ಜಿ ಎಲ್ಲ ತುಂಡುಗಳಲ್ಲೂ ಮೊದಲು ಬಾಗಿಲನ್ನೇ ನೋಡುತ್ತಿದ್ದರು. ಕೊನೆಗೆ ಮೆಲ್ಲನೆ, "ಇಲ್ಲಿ ನನ್ನ ಅಕ್ಕ ಇದ್ದಾಳೆ" ಎಂದರು.

ಮಾವ ಏನನ್ನೂ ಹೇಳಲಿಲ್ಲ. ಕಂಪ್ಯೂಟರಿನಲ್ಲಿ ಬಾಗಿಲನ್ನು ದೊಡ್ಡದು ಮಾಡಿದರು. ಬಾಣದ ಗುರುತನ್ನು ಅದರ ಮೇಲೆ ಆಡಿಸಿದರು. ಪಕ್ಕದಲ್ಲಿ ಸಂಖ್ಯೆಗಳು ಓಡತೊಡಗಿದವು.

"ಕಂಪ್ಯೂಟರಿಗೆ ಕಪ್ಪು, ಬೂದು ಎಂಬ ಮಾತು ತಿಳಿಯದು. ಅದಕ್ಕೆ ತಿಳಿಯುವುದು ಸಂಖ್ಯೆ. ಅಚ್ಚ ಕಪ್ಪಿಗೆ 0. ಅಚ್ಚ ಬಿಳುಪಿಗೆ 255. ನಡುವೆ ಒಂದೊಂದೇ ಮೆಟ್ಟಿಲು. ಒಟ್ಟು 256 ಮೆಟ್ಟಿಲು. ಈಗ ನೋಡು, ಬಾಗಿಲಿನ ಮೂಲೆಯಲ್ಲಿ ಎಷ್ಟಿದೆ?"

"11... 12... ಮತ್ತೆ 11."

"ಇಲ್ಲಿ?"

"23! 26! 24!"

"ನಮ್ಮ ಕಣ್ಣಿಗೆ ಎರಡೂ ಕತ್ತಲೆ. ಆದರೆ ಎರಡೂ ಒಂದೇ ಅಲ್ಲ. ಈ ಕತ್ತಲೆಯಲ್ಲಿ ಯಾರೋ ನಿಂತಿದ್ದಾರೆ" ಎಂದರು ಮಾವ. ಅಜ್ಜಿ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು.

ಮಾವ ಒಂದು ಪಟ್ಟಿಯನ್ನು ಮುದ್ರಿಸಿದರು. ಅದರಲ್ಲಿ ಹನ್ನೊಂದು ಚೌಕಗಳಿದ್ದವು. ಮೊದಲನೆಯದು ಬಿಳಿ, ಕೊನೆಯದು ಕಪ್ಪು, ನಡುವೆ ಬೂದು ಬಣ್ಣದ ಮೆಟ್ಟಿಲುಗಳು. ಎಣಿಸಲು ನನಗೆ ಹೇಳಿದರು. ಎಣಿಸಿದೆ. ಒಂಬತ್ತು ಮಾತ್ರ ಸಿಕ್ಕಿತು. ಕೊನೆಯ ಮೂರು ಚೌಕಗಳು ಒಂದಕ್ಕೊಂದು ಅಂಟಿ ಒಂದೇ ಕಪ್ಪಾಗಿದ್ದವು.

"ನೋಡು, ಪಟದಲ್ಲಿ ಇರುವ ಮೆಟ್ಟಿಲುಗಳನ್ನು ಕಾಗದ ನುಂಗಿದೆ. ಶಾಯಿ ಒಂದು ಮಟ್ಟಕ್ಕಿಂತ ಹೆಚ್ಚು ಬಿದ್ದರೆ ಕಾಗದಕ್ಕೆ ಇನ್ನೂ ಕಪ್ಪಾಗಲು ತಿಳಿಯದು. ಮಾಸ್ತರರ ಕೋಟಿನ ಗುಂಡಿ ಹೋದದ್ದು ಹೀಗೆ. ನಿನ್ನ ದೊಡ್ಡಜ್ಜಿ ಹೋದದ್ದೂ ಹೀಗೆ."

ಪರದೆಯ ಮೇಲೆ ಒಂದು ಓರೆ ಗೆರೆ ಇತ್ತು. ಅದರ ಕೆಳತುದಿ ಕಪ್ಪಿನ ಕಡೆ, ಮೇಲ್ತುದಿ ಬಿಳುಪಿನ ಕಡೆ. ಮಾವ ಕೆಳತುದಿಯ ಸಮೀಪ ಗೆರೆಯನ್ನು ಹಿಡಿದು ಮೇಲಕ್ಕೆ ಬಾಗಿಸಿದರು. ಕತ್ತಲೆಯ ಮೆಟ್ಟಿಲುಗಳು ಒಂದರಿಂದ ಒಂದು ದೂರ ಸರಿದವು. ಬೆಳಕಿನ ಭಾಗಕ್ಕೆ ಏನೂ ಆಗಲಿಲ್ಲ.

ಮೊದಲ ತುಂಡಿನಲ್ಲಿ ಗೆರೆ ಹೆಚ್ಚು ಬಾಗಿತ್ತೋ ಏನೋ, ಬಾಗಿಲಿನ ತುಂಬ ಹೊಗೆ ತುಂಬಿದ ಹಾಗಾಯಿತು. ಕಪ್ಪು ಎಲ್ಲೂ ಕಪ್ಪಾಗಿ ಉಳಿಯಲಿಲ್ಲ. ಹಳೆಯ ಪಟದ ಗೀರು, ಕಲೆಗಳೆಲ್ಲ ಎದ್ದು ಬಂದವು. ಮಾವ ಗೆರೆಯನ್ನು ಸ್ವಲ್ಪ ಇಳಿಸಿದರು. ತೀರಾ ತುದಿಯನ್ನು ಮಾತ್ರ ಕಪ್ಪಿನಲ್ಲೇ ಕಟ್ಟಿಹಾಕಿದರು. ಪಟದಲ್ಲಿ ಎಲ್ಲಾದರೂ ಒಂದು ಕಡೆ ಅಚ್ಚ ಕಪ್ಪು ಇರಬೇಕು, ಇಲ್ಲವಾದರೆ ಪಟಕ್ಕೆ ಬಲ ಇರುವುದಿಲ್ಲ ಎಂದರು. ಇದು ನನಗೂ ಸರಿ ಎನಿಸಿತು. ಹೊಗೆ ತುಂಬಿದ ತುಂಡು ನೋಡಲು ಸಪ್ಪೆಯಾಗಿತ್ತು.

ಎರಡನೆಯ ತುಂಡು. ಮೂರನೆಯದು.

ಮೂರನೆಯದನ್ನು ಅಜ್ಜಿ ಮಾವನ ಕೈಯಿಂದ ತೆಗೆದುಕೊಂಡರು. ಕಿಟಕಿಯ ಬಳಿಗೆ ನಡೆದರು. ನಾನೂ ಹಿಂದೆಯೇ ಹೋದೆ.

ಬಾಗಿಲಿನ ಕತ್ತಲೆಯಲ್ಲಿ ಮೊದಲು ಕಂಡದ್ದು ಒಂದು ಸಣ್ಣ ಹೊಳಪು. ಅದು ಹಿತ್ತಾಳೆಯ ಬುತ್ತಿ ಪಾತ್ರೆ. ಪಾತ್ರೆಯನ್ನು ಹಿಡಿದ ಕೈ. ಕೈಯ ಮೇಲೆ ಲಂಗದ ಅಂಚು. ಹಣೆಯ ಅರ್ಧ ಭಾಗ, ಒಂದು ಕೆನ್ನೆ. ಕಣ್ಣುಗಳು ಸರಿಯಾಗಿ ಕಾಣಲಿಲ್ಲ. ತಲೆ ಮಾತ್ರ ತುಸು ಒಂದು ಬದಿಗೆ ವಾಲಿತ್ತು. ಸಾಲಿನಲ್ಲಿ ನಿಂತ ಮಕ್ಕಳನ್ನು ಇಣುಕಿ ನೋಡುವ ಹಾಗೆ.

"ಕಣ್ಣನ್ನೂ ಸ್ವಲ್ಪ ತಿದ್ದಿ ಬರೆದರೆ ಆಗದೇ?" ಎಂದು ಅಣ್ಣ ಕೇಳಿದ.

"ಪಟದಲ್ಲಿ ಇದ್ದದ್ದನ್ನು ಹೊರಗೆ ತರಬಲ್ಲೆ. ಇಲ್ಲದ್ದನ್ನು ತರಲಾರೆ. ಬರೆದರೆ ಅದು ನಾನು ಬರೆದ ಕಣ್ಣು ಆಗುತ್ತದೆ" ಎಂದರು ಮಾವ.

"ಬೇಡ" ಎಂದರು ಅಜ್ಜಿ. "ಇವಳು ಹೀಗೆಯೇ ನಿಲ್ಲುತ್ತಿದ್ದಳು."

ಮಾವ ಹತ್ತಿಯಿಂದ ಮಾಡಿದ ದಪ್ಪ ಕಾಗದವನ್ನು ತೆಗೆದರು. ಆದರೆ ಅದರಲ್ಲಿ ನೇರವಾಗಿ ಮುದ್ರಿಸಲಿಲ್ಲ. ಹೊಳಪಿಲ್ಲದ ಕಾಗದದಲ್ಲಿ ಕಪ್ಪು ಹೊಳಪು ಕಾಗದದಷ್ಟು ಗಾಢವಾಗಿ ಬರುವುದಿಲ್ಲವಂತೆ. ಕಾಗದ ಬದಲಾದರೆ ಮೆಟ್ಟಿಲುಗಳನ್ನು ಮೊದಲಿನಿಂದ ಎಣಿಸಬೇಕು. ನಮ್ಮ ಬಾಗಿಲಿಗೆ ಗಾಢವಾದ ಕಪ್ಪು ಬೇಕಿತ್ತು. ಆದ್ದರಿಂದ ಹತ್ತಿಯ ಕಾಗದವನ್ನು ಮತ್ತೆ ಒಳಗಿಟ್ಟು ಅರೆಹೊಳಪಿನ ಕಾಗದದಲ್ಲೇ ಪಟವನ್ನು ಮುದ್ರಿಸಿದರು. ಈ ಸಲ ಪಟ್ಟಿಯಲ್ಲಿ ಹನ್ನೊಂದು ಮೆಟ್ಟಿಲುಗಳೂ ಸಿಕ್ಕವು. ಎಣಿಸಿದವನು ನಾನೇ.

ಪಟ ಒಣಗಲು ಒಂದು ದಿನ ಬೇಕು ಎಂದರು. ಸೋಮವಾರ ಅಪ್ಪ ಹೋಗಿ ತಂದರು.

ಟೀಚರ್ ಪಟದ ಕೆಳಗೆ ಅಂಟಿಸಲು ಎಲ್ಲರ ಹೆಸರು ಬೇಕೆಂದರು. ಅಜ್ಜಿ ಶಾಲೆಗೆ ಬಂದು ಬೆಂಚಿನ ಮೇಲೆ ಕುಳಿತು ಎಡದಿಂದ ಬಲಕ್ಕೆ ಒಂದೊಂದೇ ಹೆಸರು ಹೇಳಿದರು. ಕೆಲವು ಹೆಸರು ನೆನಪಾಗಲಿಲ್ಲ. ಆ ಜಾಗಗಳನ್ನು ಟೀಚರ್ ಖಾಲಿ ಬಿಟ್ಟರು. ಮೂರು ಸಾಲುಗಳೂ ಮುಗಿದವು. ಟೀಚರ್ ಪೆನ್ನಿನ ಮುಚ್ಚಳ ಹಾಕತೊಡಗಿದರು.

"ಇನ್ನೊಬ್ಬಳು ಇದ್ದಾಳೆ" ಎಂದು ಅಜ್ಜಿ ಬಾಗಿಲನ್ನು ತೋರಿಸಿ ಹೆಸರು ಹೇಳಿದರು.

ಟೀಚರ್ ಬಗ್ಗಿ ನೋಡಿದರು. "ಹೌದಲ್ಲ! ಇವರು ಯಾವ ತರಗತಿ?"

"ನಾಲ್ಕರ ತನಕ" ಎಂದರು ಅಜ್ಜಿ. ಟೀಚರ್ ಹಾಗೆಯೇ ಬರೆದುಕೊಂಡರು.

ಹೊಸ ಪದಗಳು

ಛಾಯೆ - ಬಣ್ಣದ ಒಲವು, ಒಂದು ಬಣ್ಣದ ಕಡೆಗೆ ವಾಲಿದ ನೋಟ
ಪಾಗಾರ - ಆವರಣದ ಗೋಡೆ
ಬೂಷ್ಟು - ತೇವದಿಂದ ಬೆಳೆಯುವ ಶಿಲೀಂಧ್ರ
ಮುಳಿಹುಲ್ಲು - ಮಾಡಿಗೆ ಹೊದಿಸುವ ಹುಲ್ಲು
ದ್ರಾವಣ - ಒಂದು ವಸ್ತುವನ್ನು ಕರಗಿಸಿದ ನೀರು

ಉತ್ತರಿಸಿರಿ

1. ಮೊದಲು ಮುದ್ರಿಸಿದ ಪಟ ಹಸಿರಾಗಿ ಕಾಣಲು ಕಾರಣವೇನು?
2. ಬೂದು ಶಾಯಿಗೆ ನೀಲಿ ಸೇರಿಸುವುದನ್ನು ಅಜ್ಜಿ ಯಾವುದಕ್ಕೆ ಹೋಲಿಸಿದರು? ಆ ಹೋಲಿಕೆ ಹೇಗೆ ಸರಿಯಾಗಿದೆ?
3. ಅಜ್ಜಿ ಸೆಪಿಯಾ ಛಾಯೆ ಬೇಡವೆಂದದ್ದೇಕೆ? ನೀವಾಗಿದ್ದರೆ ಯಾವುದನ್ನು ಆರಿಸುತ್ತಿದ್ದಿರಿ?
4. ಬಾಗಿಲಿನ ಮೂಲೆಯಲ್ಲಿ 11, ದೊಡ್ಡಜ್ಜಿ ನಿಂತಲ್ಲಿ 24 ಎಂಬ ಸಂಖ್ಯೆಗಳಿಂದ ಮಾವನಿಗೆ ಏನು ತಿಳಿಯಿತು?
5. ಮೊಬೈಲಿನ ಆಪು ಮಾಡಿದ ಕೆಲಸಕ್ಕೂ ಮಾವ ಮಾಡಿದ ಕೆಲಸಕ್ಕೂ ಏನು ವ್ಯತ್ಯಾಸ? ಗುಂಪಿನಲ್ಲಿ ಚರ್ಚಿಸಿರಿ.

ಮಾಡಿ ನೋಡಿರಿ

ಬಿಳಿ ಕಾಗದದಲ್ಲಿ ಒಂದು ಉದ್ದ ಪಟ್ಟಿ ಬರೆದು ಹನ್ನೊಂದು ಚೌಕಗಳಾಗಿ ಭಾಗಿಸಿರಿ. ಮೊದಲನೆಯದನ್ನು ಹಾಗೆಯೇ ಬಿಡಿರಿ. ಕೊನೆಯದಕ್ಕೆ ಪೆನ್ಸಿಲಿನಿಂದ ಸಾಧ್ಯವಾದಷ್ಟು ಕಪ್ಪು ತುಂಬಿರಿ. ನಡುವಿನ ಚೌಕಗಳು ಒಂದಕ್ಕಿಂತ ಒಂದು ಗಾಢವಾಗಲಿ. ನಿಮ್ಮ ಗೆಳೆಯನಿಗೆ ಎಷ್ಟು ಮೆಟ್ಟಿಲು ಕಾಣುತ್ತವೆ ಎಂದು ಕೇಳಿರಿ.

ಬಿಳಿ ಸೀಮೆಸುಣ್ಣದ ಒಂದು ತುದಿಯಿಂದ ಬೆರಳಗಲ ಮೇಲೆ ಕಪ್ಪು ಸ್ಕೆಚ್ ಪೆನ್ನಿನಿಂದ ಸುತ್ತ ಒಂದು ಗೆರೆ ಎಳೆಯಿರಿ. ತಟ್ಟೆಯಲ್ಲಿ ಸ್ವಲ್ಪವೇ ನೀರು ಹಾಕಿ ಸೀಮೆಸುಣ್ಣವನ್ನು ನಿಲ್ಲಿಸಿರಿ. ಗೆರೆ ನೀರಿಗೆ ತಾಗಬಾರದು. ನೀರು ಮೇಲೇರುತ್ತ ಹೋದಂತೆ ಕಪ್ಪು ಗೆರೆಗೆ ಏನಾಗುತ್ತದೆ? ಯಾವ ಯಾವ ಬಣ್ಣಗಳು ಕಂಡವು? ಬೇರೆ ಬೇರೆ ಪೆನ್ನುಗಳಿಂದ ಮಾಡಿ ನೋಡಿ ನೋಟುಪುಸ್ತಕದಲ್ಲಿ ಬರೆಯಿರಿ.

ಮನೆಯ ಹಳೆಯ ಪಟವೊಂದನ್ನು ಹಿರಿಯರೊಂದಿಗೆ ಕುಳಿತು ನೋಡಿರಿ. ಅದರಲ್ಲಿ ಇರುವವರ ಹೆಸರುಗಳನ್ನು ಕೇಳಿ ಎಡದಿಂದ ಬಲಕ್ಕೆ ಬರೆದಿಡಿರಿ. ಮೂಲೆಯಲ್ಲಿ, ನೆರಳಿನಲ್ಲಿ, ಕಿಟಕಿಯ ಹಿಂದೆ ಯಾರಾದರೂ ಇದ್ದಾರೆಯೇ?